ಯಾರ ಪಾಲಿಗೂ ಬಾರದ ಉಗುರು

ಪಶು ಆಸ್ಪತ್ರೆಯ ಕೆಲಸದಿಂದ ನಿವೃತ್ತನಾದ ಮೇಲೆ ನನ್ನನ್ನು ಮಾತಾಡಿಸಲು ಬರುವವರೆಲ್ಲ ಎಮ್ಮೆಯ ಕಥೆ ಕೇಳುತ್ತಾರೆ. ಕರು ಅಡ್ಡ ಸಿಕ್ಕಿಕೊಂಡಾಗ ಏನು ಮಾಡಿದಿರಿ, ಹೋರಿ ಒದ್ದಾಗ ಎಲ್ಲಿ ಬಿದ್ದಿರಿ, ಕುರಿ ದೊಡ್ಡಿಯಲ್ಲಿ ರೋಗ ಹೊಕ್ಕಾಗ ಹೇಗೆ ನಿಭಾಯಿಸಿದಿರಿ ಅಂತ. ಇಲಾಖೆಗೆ ಹೊಸದಾಗಿ ಸೇರಿದವರಂತೂ ಕಣ್ಣರಳಿಸಿಕೊಂಡು ಕೂರುತ್ತಾರೆ. ನಾನು ನಾಯಿಯ ಉಗುರಿನ ವಿಷಯ ತೆಗೆದ ಕೂಡಲೇ ಅವರ ಮುಖ ಸಣ್ಣಗಾಗುತ್ತದೆ. ಇಷ್ಟು ವರ್ಷ ದುಡಿದವನಿಗೆ ಹೇಳಲು ಇದೇ ಸಿಕ್ಕಿತೇ ಅಂತ ಒಳಗೊಳಗೇ ಬೈದುಕೊಳ್ಳುತ್ತಾರೇನೋ. ಬೈದುಕೊಳ್ಳಲಿ. ಕರು ಎಳೆಯುವುದನ್ನು ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಉಗುರಿನ ಮುಂದೆ ಕುಕ್ಕರಗಾಲಲ್ಲಿ ಕೂರುವುದನ್ನು ಹೇಳಿಕೊಡುವವರು ಕಡಿಮೆ.

ನಾನು ಡಾಕ್ಟರಲ್ಲ, ಪಶು ವೈದ್ಯಕೀಯ ಪರೀಕ್ಷಕ. ಸೂಜಿ, ಡ್ರೆಸ್ಸಿಂಗು, ಲಸಿಕೆ, ಹಳ್ಳಿ ತಿರುಗಾಟ ನಮ್ಮ ಕೆಲಸ. ಆದರೂ ಜನ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು, ನಾನೂ ಮೊದಮೊದಲು ತಿದ್ದಿ ತಿದ್ದಿ ಆಮೇಲೆ ಸುಮ್ಮನಾದೆ. ನಮ್ಮದು ಲಿಂಗಸುಗೂರು. ಅಪ್ಪ ಊರವರ ಸತ್ತ ದನ ಹೊರುತ್ತಿದ್ದ. ಮಗ ಬದುಕಿರುವ ದನ ಮುಟ್ಟುವ ಕೆಲಸ ಹಿಡಿದ ಅಂತ ಅವನಿಗೆ ಹೇಳಲಾಗದಷ್ಟು ಖುಷಿ. ಮನೆಯಲ್ಲಿ ಬುದ್ಧನ ಪಟದ ಪಕ್ಕ ನನ್ನ ನೇಮಕದ ಆದೇಶಕ್ಕೂ ಚೌಕಟ್ಟು ಹಾಕಿಸಿ ತೂಗುಹಾಕಿದ್ದ. ಬಂದವರೆಲ್ಲ ಎರಡಕ್ಕೂ ಕೈ ಮುಗಿಯಬೇಕು ಅನ್ನುವ ಹಾಗೆ ನಿಲ್ಲುತ್ತಿದ್ದ.

ಲಿಂಗಸುಗೂರು, ಮಸ್ಕಿಯ ಕಡೆ ನೆಲ ಗಟ್ಟಿ. ಕಲ್ಲು, ಗರಸು, ಗುಡ್ಡ. ಅಲ್ಲಿನ ನಾಯಿಗಳು ಹಗಲೆಲ್ಲ ಕುರಿಯ ಹಿಂದೆ, ಬೈಕಿನ ಹಿಂದೆ, ಒಂದರ ಹಿಂದೆ ಒಂದು ಓಡಿ ತಮ್ಮ ಉಗುರು ತಾವೇ ಸವೆಸಿಕೊಳ್ಳುತ್ತವೆ. ನಾಯಿಯ ಉಗುರನ್ನು ಮನುಷ್ಯ ಕತ್ತರಿಸಬೇಕಾಗುತ್ತದೆ ಅನ್ನುವುದೇ ನನಗೆ ನೌಕರಿಗೆ ಸೇರುವವರೆಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಮಸ್ಕಿಯಲ್ಲಿ, ಅದೂ ಕೈ ಕಚ್ಚಿಸಿಕೊಂಡು.

ಮಸ್ಕಿಯಲ್ಲಿ ಆಗ ನಮ್ಮ ಹಿರಿಯ ಡಾಕ್ಟರು ಖಾದರ್ ಸಾಹೇಬರು. ಮಾತು ಕಡಿಮೆ, ಪಾನು ಜಾಸ್ತಿ. ಒಂದು ದಿನ ಗುತ್ತಿಗೆದಾರರೊಬ್ಬರ ಹೆಂಡತಿ ಬೆಳ್ಳನೆಯ ಕೂದಲಿನ ಪುಟ್ಟ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಅದು ನೆಲಕ್ಕೆ ಕಾಲಿಡದ ನಾಯಿ. ಉಗುರು ಬೆಳೆದು ಸೀರೆಗೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಸಾಹೇಬರು ಒಳಗೆ ಇದ್ದರು. ಇಷ್ಟಕ್ಕೆ ಅವರನ್ನೇಕೆ ಕರೆಯಬೇಕು ಅಂತ ನಾನು ಕುರಿಯ ಗೊರಸು ಕತ್ತರಿಸುವ ಕತ್ತರಿ ತಂದು, ಒಂದೇ ಸಲಕ್ಕೆ ಕಚಕ್ಕನೆ ಕತ್ತರಿಸಿದೆ. ರಕ್ತ ಚಿಮ್ಮಿತು, ನಾಯಿ ನನ್ನ ಕೈ ಕಚ್ಚಿತು, ಆಯಮ್ಮ ಬೀದಿಗೆ ಕೇಳುವಂತೆ ಕೂಗಿಕೊಂಡರು. ಸಾಹೇಬರು ಹೊರಗೆ ಬಂದು, ಕೆಂಪು ಪುಡಿ ಒತ್ತಿ ರಕ್ತ ನಿಲ್ಲಿಸಿ, ಆಯಮ್ಮನಿಗೆ ಸಮಾಧಾನ ಹೇಳಿ ಕಳಿಸಿದರು. ನನಗೆ ಜನರ ಮುಂದೆ ಒಂದು ಮಾತೂ ಅನ್ನಲಿಲ್ಲ.

ಆಯಮ್ಮ ಹೋದ ಮೇಲೆ ಸಾಹೇಬರು ಚಪ್ಪಲಿ ಕಳಚಿ ಬಲಗಾಲನ್ನು ಸ್ಟೂಲಿನ ಮೇಲೆ ಇಟ್ಟರು.

"ಕತ್ತರಿಸು."

ನಾನು ತಬ್ಬಿಬ್ಬಾದೆ. "ಸಾಹೇಬ್ರ, ನಿಮ್ಮ ಕಾಲು..."

"ನಾಯಿ ಕಾಲು ಹಿಡಿಯಾಕ ಶರಮ್ ಬರಲಿಲ್ಲ, ನನ್ನ ಕಾಲು ಹಿಡಿಯಾಕ ಯಾಕ ಬರ್ತೈತಿ? ಕೂಡು. ನನಗ ನೋವಾದ್ರ ಬಾಯಿಲೆ ಹೇಳ್ತೀನಿ, ಬೈತೀನಿ. ನಾಯಿಗೆ ಹಲ್ಲು ಬಿಟ್ರ ಬ್ಯಾರೆ ಭಾಷಾ ಇಲ್ಲ."

ವಯಸ್ಸಾದವರ ಕಾಲಿನ ಉಗುರು, ದಪ್ಪ, ಗಟ್ಟಿ. ನಾನು ಬೆವರುತ್ತ ಕತ್ತರಿಸಿದೆ. ಅವರು ಪಾನು ಜಗಿಯುತ್ತ, "ಆಸ್ತೆ... ಇನ್ನಾ ಆಸ್ತೆ... ಹಾಂ, ಅಲ್ಲಿ ನಿಲ್ಲು, ಅಲ್ಲಿ ಜೀವಾ ಐತಿ" ಅಂತ ನನ್ನ ಕೈ ನಿಧಾನ ಮಾಡಿಸುತ್ತಿದ್ದರು. ಎಲ್ಲಿ ಸತ್ತ ಉಗುರು ಮುಗಿದು ಜೀವ ಶುರುವಾಗುತ್ತದೆ ಅನ್ನುವುದು ಕಣ್ಣಿಗಿಂತ ಕೈಗೆ ಮೊದಲು ತಿಳಿಯುತ್ತದೆ. ಅವತ್ತಿನಿಂದ ಅದು ನನ್ನ ಕೆಲಸದ ನೇಮವಾಯಿತು. ನಾಯಿಯ ಉಗುರು ತೆಗೆಯಲು ಕಲಿಯುವವರು ಮೊದಲು ಬಾಯಿ ಇದ್ದವರ ಉಗುರು ತೆಗೆಯಬೇಕು. ನಾನು ಕಲಿಸಿದವರೆಲ್ಲ ಒಂದು ಸಲವಾದರೂ ನನ್ನ ಕಾಲು ಹಿಡಿದವರೇ. ಇದರಿಂದ ನನಗೊಂದು ಉಪಕಾರವೂ ಆಯಿತು. ನೌಕರಿಯುದ್ದಕ್ಕೂ ನನ್ನ ಉಗುರು ನಾನು ಕತ್ತರಿಸಿಕೊಂಡದ್ದು ಕಡಿಮೆ.

ಕೆಲಸದ ರೀತಿ ನನ್ನ ಕಣ್ಣ ಮುಂದೆಯೇ ಬದಲಾಯಿತು. ಮೊದಲು ಹಗ್ಗದಿಂದ ಬಾಯಿ ಬಿಗಿದು, ಇಬ್ಬರು ಮೇಲೆ ಕೂತು, ಕುರಿ ಕತ್ತರಿಯಲ್ಲಿ ಮುಗಿಸುತ್ತಿದ್ದೆವು. ಆಮೇಲೆ ನಾಯಿಗೆಂದೇ ಮಾಡಿದ ಕತ್ತರಿ ಬಂತು, ಉಜ್ಜುವ ಅರ ಬಂತು, ಮತ್ತೇರಿಸುವ ಔಷಧ ಬಂತು. ಈಗ ಫೋನು ಮಾಡಿದರೆ ಆಸ್ಪತ್ರೆಯೇ ಗಾಡಿಯ ಮೇಲೆ ಮನೆ ಬಾಗಿಲಿಗೆ ಬರುತ್ತದೆ. ಜನರೂ ಬದಲಾದರು. ಸಿಂಧನೂರಿನಲ್ಲಿ ಒಬ್ಬ ಕಾಲೇಜು ಹುಡುಗಿ ತನ್ನ ನಾಯಿಯ ಉಗುರಿಗೆಲ್ಲ ಕಡು ಕೆಂಪು ಬಣ್ಣ ಬಳಿದು ಕರೆತಂದಿದ್ದಳು. ಬಿಳಿ ಉಗುರಾದರೆ ಒಳಗಿನ ಜೀವದ ಗೆರೆ ನಸುಗೆಂಪಾಗಿ ಕಾಣುತ್ತದೆ. ಬಣ್ಣ ಬಳಿದರೆ ಏನು ಕಾಣಬೇಕು? "ಮೊದಲು ಇದನ್ನ ಅಳಿಸ್ಕೊಂಡು ಬಾರವ್ವ" ಅಂತ ಕಳಿಸಿದೆ. ಬಣ್ಣ ಅಳಿಸುವ ದ್ರವ ಕೊಳ್ಳಲು ಹೋದರೆ ಪಕ್ಕದ ಫ್ಯಾನ್ಸಿ ಅಂಗಡಿಯವನು ಅದು ನಾಯಿಗೆ ಅಂತ ಕೇಳಿ ನಕ್ಕನಂತೆ. ಅವಳು ಅತ್ತುಕೊಂಡೇ ಒರೆಸಿದಳು. ಆದರೆ ಆ ನಾಯಿಗೆ ಯಾವತ್ತೂ ಉಗುರು ಬೆಳೆದು ನೋವಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಅವಳು ದಿನಾ ಅದರ ಕಾಲು ಕೈಯಲ್ಲಿ ಹಿಡಿಯುತ್ತಿದ್ದಳು. ಹಿಡಿದ ಕೈಗೆ ಎಲ್ಲವೂ ತಿಳಿಯುತ್ತದೆ.

ಸಿಂಧನೂರಿಗೆ ವರ್ಗವಾದದ್ದು ನೌಕರಿಯ ಕೊನೆಯ ವರ್ಷಗಳಲ್ಲಿ. ಕಾಲುವೆ ನೀರಿನ ಸೀಮೆ, ಎಲ್ಲಿ ನೋಡಿದರೂ ಭತ್ತದ ಗದ್ದೆ, ಕೆಸರು, ಹುಲ್ಲು, ಹೊಟ್ಟು. ಮೆತ್ತನೆಯ ನೆಲದ ಮೇಲೆ ಕಟ್ಟಿಹಾಕಿದ ನಾಯಿಯ ಉಗುರು ಸವೆಯುವುದಿಲ್ಲ. ಬೆಳೆಯುತ್ತ ಹೋಗಿ, ಬಾಗಿ, ಕೊನೆಗೆ ಅದರದೇ ಅಂಗಾಲಿಗೆ ಚುಚ್ಚಿಕೊಳ್ಳುತ್ತದೆ. ಮುಂಗಾಲಿನ ಒಳಮಗ್ಗುಲಲ್ಲಿ ಹೆಬ್ಬೆರಳಿನ ಹಾಗೆ ಒಂದು ಇರುತ್ತದಲ್ಲ, ಅದು ನೆಲಕ್ಕೇ ತಾಗುವುದಿಲ್ಲ, ಆದ್ದರಿಂದ ಅದೇ ಮೊದಲು ಸುರುಳಿಯಾಗುವುದು. ಅಲ್ಲಿಯೇ ನನಗೆ ಹಂಡ್ಯಾ ಅನ್ನುವ ನಾಯಿ ಸಿಕ್ಕಿದ್ದು.

ಒಂದು ಬೆಳಿಗ್ಗೆ ದಢೇಸುಗೂರಿನಿಂದ ಹನುಮಂತ ಅನ್ನುವವನು ಆಸ್ಪತ್ರೆಗೆ ಬಂದ. ಐವತ್ತರ ಆಸುಪಾಸಿನ ರೈತ, ದೊಡ್ಡ ಮೀಸೆ, ದೊಡ್ಡ ಗಂಟಲು.

"ನಮ್ಮ ನಾಯಿಗೆ ಹುಚ್ಚು ಹಿಡಿದೈತ್ರಿ. ಮುದಿ ನಾಯಿ. ಕಾಲ ಹತ್ರ ಕೈ ಒಯ್ದ್ರ ಕಡಿಯಾಕ ಬರ್ತೈತಿ. ಒಂದ ಸೂಜಿ ಹಾಕಿ ಮುಗಿಸಿಬಿಡ್ರಿ."

"ನೀರು ಕುಡಿತೈತೇನು?"

"ಕುಡಿತೈತ್ರಿ."

"ಉಣ್ತೈತೇನು?"

"ಉಣ್ಣಾಕ ಏನ್ ಕಡಿಮಿ ಮಾಡೀವಿ ರೀ? ಮೂರ ಮನಿ ಊಟ ಐತಿ ಅದಕ್ಕ."

"ಮತ್ತ ಹುಚ್ಚು ಎಲ್ಲಿಂದ ಬಂತು? ಕಾಲಾಗ ಏನೋ ಆಗೇತಿ."

ನಮ್ಮ ಡಾಕ್ಟರ್ ಮೇಡಂ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಕರೆದು, "ಹೋಗಿ ನೋಡಿ ಬನ್ನಿ. ನಡೆಸೋದಕ್ಕೆ ಆಗುತ್ತೆ ಅಂದ್ರೆ ನಡೆಸಿ. ಮತ್ತೆ ಎದ್ದು ನಿಲ್ಲೋದಿಲ್ಲ ಅಂತಾದ್ರೆ ಮಾತ್ರ ನಾನೇ ಬಂದು ಮಲಗಿಸ್ತೀನಿ. ನೋವಿನಲ್ಲಿ ಇಡೋದು ಬೇಡ" ಅಂದರು. ಅಂದರೆ ಆ ನಾಯಿ ಬದುಕಬೇಕಾದರೆ ಅದು ನಾಲ್ಕು ಹೆಜ್ಜೆ ಇಡಬೇಕು. ಅಷ್ಟು ಸ್ಪಷ್ಟವಾಗಿತ್ತು ವಿಷಯ.

ಹನುಮಂತನ ಮನೆ ಊರಿನ ನಡುವೆ. ಹಿಂದೆ ಒಂದೇ ಮನೆಯಾಗಿದ್ದದ್ದು. ಅಪ್ಪ ತೀರಿಕೊಂಡ ಮೇಲೆ ಮೂವರು ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿಕೊಂಡು ಒಂದೇ ಅಂಗಳಕ್ಕೆ ಮೂರು ಬಾಗಿಲು ಮಾಡಿಕೊಂಡಿದ್ದರು. ಹನುಮಂತ ಹಿರಿಯ, ಅಮರೇಶ ನಡುವಿನವನು, ವೀರೇಶ ಕಿರಿಯ. ಅಂಗಳದ ನಟ್ಟನಡುವೆ ಬೇವಿನ ಗಿಡ, ಅದರ ಬುಡಕ್ಕೆ ಹಂಡ್ಯಾ. ಕಪ್ಪು ಬಿಳುಪು ಮೈ, ಅದಕ್ಕೇ ಆ ಹೆಸರು. ಮಲಗಲು ಭತ್ತದ ಹೊಟ್ಟನ್ನು ದಪ್ಪಗೆ ಹಾಸಿದ್ದರು. ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ದೂರದಿಂದ ನೋಡಿದವರು ಇಷ್ಟು ಚೆನ್ನಾಗಿ ಸಾಕಿದ್ದಾರಲ್ಲ ಅನ್ನಬೇಕು.

ಹತ್ತಿರ ಹೋದಾಗ ವಾಸನೆ ಬಂತು. ಮುಂಗಾಲಿನ ಉಗುರುಗಳು ಕುಡುಗೋಲಿನ ಹಾಗೆ ಬಾಗಿದ್ದವು. ಎರಡು ಉಗುರು ಅಂಗಾಲಿನ ಮೆತ್ತೆಯೊಳಗೆ ಹೋಗಿ ಕೀವಾಗಿತ್ತು. ಒಳಮಗ್ಗುಲಿನದು ಪೂರ್ತಿ ಸುತ್ತು ಬಂದು ಚರ್ಮಕ್ಕೆ ಚುಚ್ಚಿಕೊಂಡಿತ್ತು. ಹಂಡ್ಯಾ ನನ್ನನ್ನು ನೋಡಿ ಒಮ್ಮೆ ಗುರ್ ಅಂದು, ಆ ಕಾಲನ್ನು ಎದೆಯಡಿಗೆ ಎಳೆದುಕೊಂಡ. ಬೊಗಳುವ ಉತ್ಸಾಹವೂ ಇರಲಿಲ್ಲ.

"ಯಾವಾಗಿನಿಂದ ಕಟ್ಟೀರಿ ಇದನ್ನ?"

ಉತ್ತರ ಕೊಟ್ಟವನು ಅಮರೇಶ. ಲೆಕ್ಕದ ಮನುಷ್ಯ, ಮಾತು ತೂಗಿ ಆಡುವವನು. "ಬ್ಯಾರೆ ಆದಾಗಿಂದ ರೀ. ಅದು ಅವ್ವನ ಬೆನ್ನು ಬಿಡಂಗಿಲ್ಲ. ಅವ್ವ ತಿಂಗಳಿಗೊಬ್ಬರ ಮನ್ಯಾಗ ಇರ್ತಾಳ್ರಿ, ಪಾಳಿ ಹಚ್ಚೀವಿ. ನಾಯಿ ಬಿಟ್ರ ಅವ್ವ ಇದ್ದ ಮನಿಗೇ ಹೋಗಿ ಬೀಳ್ತೈತಿ. ಆ ತಿಂಗಳು ಅವರಿಗೇ ಎರಡೂ ಭಾರ ಆಗ್ತಾವಲ್ರಿ. ಅದಕ್ಕ ಹಿರೇರು ಕುಂತು ನಾಯಿದು ಬ್ಯಾರೆ ಪಾಳಿ ಮಾಡ್ಯಾರ. ಅವ್ವ ಒಂದ ಮನಿ ಉಂಡ್ರ, ನಾಯಿ ಇನ್ನೊಂದ ಮನಿದು ಉಣ್ತೈತಿ. ಯಾರಿಗೂ ಮೋಸ ಆಗಬಾರ್ದು ಅಂತ ಅಂಗಳದ ನಡುವ ಕಟ್ಟೀವಿ."

ಬಹಳ ಊರು ಕಂಡಿದ್ದೇನೆ. ಹೊಲ ಅಳೆದದ್ದು, ಬಾವಿ ಹಂಚಿದ್ದು, ಒಂದು ಮಾವಿನ ಗಿಡದ ಕೊಂಬೆ ಹಂಚಿಕೊಂಡದ್ದು, ಎಲ್ಲ ನೋಡಿದ್ದೇನೆ. ಇಷ್ಟು ಚೊಕ್ಕ ನ್ಯಾಯ ನೋಡಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟಿನ ಬಗ್ಗೆ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ದಢೇಸುಗೂರಿಗೂ ಅವತ್ತು ಗೊತ್ತಾಯಿತು.

"ಛಲೋ ಹಂಚ್ಕೊಂಡೀರಿ ಬಿಡ್ರಿ. ಹೊಟ್ಟಿ ಮೂರೂ ಮನಿ ಪಾಲಿಗೆ ಬಂದೈತಿ. ಉಗುರು ಯಾರ ಪಾಲಿಗೆ ಬಂದಾವ, ಅದನ್ನ ಹೇಳ್ರಿ!"

ಅಮರೇಶನ ಕಟ್ಟೆಯ ಮೇಲೆ ಅವರ ತಾಯಿ ಹುಲಿಗೆಮ್ಮ ಕೂತಿದ್ದಳು. ಆ ತಿಂಗಳು ಅವನ ಪಾಳಿ. ಸಣ್ಣ ಮೈ, ಹಣ್ಣಾದ ತಲೆ, ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ಕೂದಲು. ಯಾವ ಸೊಸೆಯೂ ಕಡಿಮೆ ಮಾಡಿದಂತೆ ಕಾಣಲಿಲ್ಲ. ನಾನು ಉಗುರಿನ ಮಾತು ಎತ್ತಿದಾಗ ಅವಳು ಸೀರೆಯ ಅಂಚು ಎಳೆದು ಕಾಲು ಮುಚ್ಚಿಕೊಂಡಳು. ಬಿಸಿಲು ಬಿದ್ದಿತ್ತೇನೋ ಅಂದುಕೊಂಡೆ.

ಮೇಡಂಗೆ ಫೋನು ಮಾಡಿ, ಅವರು ಹೇಳಿದ, ನೋವು ಇಳಿಸುವ ಸೂಜಿ ಹಾಕಿ, ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಲು ಹೋದೆ. ಹಂಡ್ಯಾ ತಲೆ ಒದರಿ ಒದರಿ ಬಿಡಲೊಲ್ಲ. ಮುದಿ ನಾಯಿಗೆ ಮತ್ತಿನ ಔಷಧ ಕೊಡಲು ನನಗೆ ಮನಸ್ಸಿರಲಿಲ್ಲ, ಮಲಗಿದ್ದು ಏಳದೇ ಹೋಗಬಹುದು. ಆಗ ಹುಲಿಗೆಮ್ಮ ಕಟ್ಟೆಯಿಂದ ಇಳಿದು ಬಂದಳು. ಹಿಮ್ಮಡಿ ಊರಿಕೊಂಡು, ಬೆರಳು ಮೇಲೆತ್ತಿಕೊಂಡು, ಕಾದ ನೆಲದ ಮೇಲೆ ನಡೆಯುವವರ ಹಾಗೆ. ಬಂದು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಸುಮ್ಕಿರಲೇ ಹಂಡ್ಯಾ. ನಮ್ಮ ಒಳ್ಳೇದಕ್ಕ ಬಂದಾನ."

ನಾಯಿ ಸುಮ್ಮನಾಯಿತು. ಬಿಸಿನೀರಿಗೆ ಉಪ್ಪು ಹಾಕಿಸಿ ಕಾಲು ನೆನೆಸಿ, ಮೊದಲು ಮಾಂಸದೊಳಗೆ ಹೋದ ಉಗುರುಗಳನ್ನು ಕತ್ತರಿಸಿ ಹೊರಗೆ ತೆಗೆದೆ. ಕೀವು ಬಂತು, ವೀರೇಶ ಮೂಗು ಮುಚ್ಚಿಕೊಂಡು ಆಚೆ ಓಡಿದ. ತೊಳೆದು, ಔಷಧ ಹಾಕಿ, ಪಟ್ಟಿ ಕಟ್ಟಿದೆ. ಉಳಿದ ಉಗುರುಗಳ ತುದಿ ಮಾತ್ರ ತೆಗೆದೆ. ಕಪ್ಪು ಉಗುರಿನಲ್ಲಿ ಹೊರಗಿನಿಂದ ಜೀವದ ಗೆರೆ ಕಾಣುವುದಿಲ್ಲ. ಅಕ್ಕಿಕಾಳಿನಷ್ಟಷ್ಟೇ ತೆಗೆಯುತ್ತ ಹೋಗಬೇಕು, ಕತ್ತರಿಸಿದ ಜಾಗದ ನಡುವೆ ಬೇರೆ ಬಣ್ಣದ ಚುಕ್ಕೆ ಕಂಡ ಕೂಡಲೇ ಕೈ ತೆಗೆದುಬಿಡಬೇಕು.

ಹುಲಿಗೆಮ್ಮ ಎಲ್ಲವನ್ನೂ ಬಗ್ಗಿ ನೋಡುತ್ತಿದ್ದಳು. "ಎಲ್ಲಾ ಒಮ್ಮೆಲೆ ಯಾಕ ತಗೀವಲ್ಲಿ?"

"ಉಗುರಿನೊಳಗ ಜೀವಾ ಐತವ್ವ. ಉಗುರು ಬೆಳದಂಗ ಅದೂ ಮುಂದ ಬಂದಿರ್ತೈತಿ. ಒಮ್ಮೆಲೆ ತಗದ್ರ ರಕ್ತ ಬರ್ತೈತಿ. ವಾರಕ್ಕ ಸ್ವಲ್ಪ ಸ್ವಲ್ಪ ತಗೀತಾ ಹೋದ್ರ ಜೀವಾ ತಾನ ಹಿಂದಕ್ಕ ಸರೀತೈತಿ."

"ವಯಸ್ಸಾದವಕ್ಕೂ ಸರೀತೈತೇನು?"

"ಸರೀತೈತಿ. ತಡಾ ಆಗ್ತೈತಿ ಅಷ್ಟ."

"ಬಿಸಿನೀರಾಗ ಉಪ್ಪ ಹಾಕಿದ್ರ ಮೆತ್ತಗಾಗ್ತಾವೇನು?"

"ಹಾಂ, ಮೆತ್ತಗಾಗ್ತಾವ."

ನಾಯಿಯ ಮೇಲೆ ಎಷ್ಟು ಅಕ್ಕರೆ ಈ ಮುದುಕಿಗೆ ಅಂದುಕೊಂಡೇ ಕೈ ತೊಳೆದೆ. ಬೈಕಿನ ಮೇಲೆ ಅರ್ಧ ದಾರಿ ಬಂದ ಮೇಲೆ ಅವಳ ನಡಿಗೆ ಕಣ್ಣ ಮುಂದೆ ಬಂತು. ಆ ನಡಿಗೆಯನ್ನು ನಾನು ಕುರಿಗಳಲ್ಲಿ ನೋಡಿದ್ದೆ, ಎತ್ತುಗಳಲ್ಲಿ ನೋಡಿದ್ದೆ. ಬೆರಳಿನ ತುದಿಗೆ ಭಾರ ಬಿಡದ ನಡಿಗೆ. ಕಾಲುವೆಯ ದಂಡೆಯಲ್ಲಿ ಬೈಕು ನಿಲ್ಲಿಸಿದೆ. ಇದನ್ನು ನಾನು ಹೇಗೆ ಬಾಯಿ ಬಿಟ್ಟು ಹೇಳಲಿ? ನಾಯಿ ನೋಡಲು ಬಂದವನು ತಾಯಿಯ ಕಾಲಿನ ಮಾತು ತೆಗೆದರೆ ಮೂವರು ಗಂಡುಮಕ್ಕಳ ಮಾನ ಅಂಗಳದಲ್ಲಿ ಹರಾಜಾಗುತ್ತದೆ. ಅದರಲ್ಲೂ ನಾನು ಯಾವ ಓಣಿಯವನು ಅನ್ನುವುದು ಆ ಊರಿಗೆ ಗೊತ್ತಿಲ್ಲದ್ದಲ್ಲ. ಅವಳಿಗೂ ಬೇಡವಾಗಿತ್ತು, ಇಲ್ಲದಿದ್ದರೆ ಸೀರೆ ಏಕೆ ಎಳೆದುಕೊಳ್ಳುತ್ತಿದ್ದಳು?

ಮುಂದಿನ ವಾರಗಳಲ್ಲಿ ಹೋಗಿ ಹೋಗಿ ಪಟ್ಟಿ ಬದಲಿಸಿದೆ. ಗಾಯ ಮಾಯಿತು, ವಾಸನೆ ಹೋಯಿತು, ಗುರುಗುಡುವುದು ನಿಂತಿತು. ಆದರೆ ಹಂಡ್ಯಾ ಏಳಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ನಡುಗಿ ಮತ್ತೆ ಹೊಟ್ಟಿನ ಮೇಲೆ ಕುಸಿಯುತ್ತಿದ್ದ. ಹನುಮಂತ ತಲೆ ಅಲ್ಲಾಡಿಸಿದ. "ನಾ ಮೊದಲ ಹೇಳಿದ್ದಿಲ್ಲೇನ್ರಿ? ಮೇಡಮ್ಮರನ್ನ ಕರಸ್ರಿ. ಪಾಪ, ಅದಕ್ಕೂ ಸಾಕಾಗೇತಿ." ಅವನು ಕೆಟ್ಟವನಲ್ಲ. ಹೇಳುತ್ತಲೇ ಬಗ್ಗಿ ನಾಯಿಯ ನೀರಿನ ತಟ್ಟೆ ಹತ್ತಿರ ಸರಿಸಿದ. ಹುಲಿಗೆಮ್ಮ ನಾಯಿಯ ಕಿವಿ ಸವರುತ್ತ ಕೂತಿದ್ದಳು.

"ಒಂದ ಕೆಲಸ ಉಳದೈತಿ" ಅಂದೆ. "ಈ ಹಗ್ಗ ಬಿಚ್ಚಬೇಕು. ಹೊಟ್ಟು ತಗದು ಗಟ್ಟಿ ನೆಲದ ಮ್ಯಾಲ ದಿನಾ ನಾಕ್ ಹೆಜ್ಜಿ ನಡಸಬೇಕು. ವಾರಕ್ಕೊಮ್ಮೆ ಉಗುರು ತಗೀಬೇಕು. ನನ್ನ ನಿವೃತ್ತಿ ಹತ್ರ ಬಂದೈತಿ, ನಾ ಎಷ್ಟ ಸಲ ಬರ್ಲಿ? ನಿಮ್ಮೊಳಗ ಒಬ್ಬರು ಕಲೀರಿ. ಕಲಿಯಂಗಿಲ್ಲ ಅಂದ್ರ ಹೇಳ್ರಿ, ನಾಳೆನ ಮೇಡಮ್ಮರನ್ನ ಕರಕೊಂಡು ಬರ್ತೀನಿ."

ಮೂವರೂ ಮುಖ ಮುಖ ನೋಡಿಕೊಂಡರು. ಯಾರು ಒಪ್ಪಿದರೂ ಅದು ಅವರ ಪಾಲಿಗೇ ಅಂಟಿಕೊಳ್ಳುತ್ತದಲ್ಲ! ಕೊನೆಗೆ ಹನುಮಂತ ಪಂಚೆ ಎತ್ತಿ ಕಟ್ಟಿದ. "ನಾ ಕಲೀತೀನಿ. ಅಪ್ಪನ ನಾಯಿ ಅದು."

"ಹಂಗಾದ್ರ ನಮ್ಮ ಸಾಹೇಬ್ರ ನೇಮ ಐತಿ. ಮೊದಲು ಮನಶ್ಯಾರ ಉಗುರು ತಗದು ಕಲೀಬೇಕು. ನೋವಾದ್ರ ಅವರು ಬಾಯಿಲೆ ಹೇಳ್ತಾರ."

ವೀರೇಶ ನಗುತ್ತ ತನ್ನ ಕೈ ಮುಂದೆ ಚಾಚಿದ. "ನನ್ನವು ತಗಿ ಅಣ್ಣ."

ಅವನ ಬೆರಳು ನೋಡಿದೆ. ಎಲ್ಲ ಉಗುರನ್ನೂ ಕಚ್ಚಿ ಕಚ್ಚಿ ತಿಂದುಬಿಟ್ಟಿದ್ದ. "ಇದರಾಗ ತಗಿಯಾಕ ಏನೈತೋ? ದಪ್ಪನ್ನ ಉಗುರು ಬೇಕು, ವಯಸ್ಸಾದವರದು." ಹೊಸಬರಿಗೆಲ್ಲ ನಾನು ನನ್ನ ಕಾಲು ಕೊಡುತ್ತಿದ್ದೆ. ಅವತ್ತು ಕೊಡಲಿಲ್ಲ. "ಹುಲಿಗೆಮ್ಮಾ, ನಿನ್ನ ಕಾಲು ಈ ಕಡೆ ಚಾಚವ್ವ."

ಅವಳು ಬೆಚ್ಚಿ ಕಾಲು ಒಳಗೆ ಎಳೆದುಕೊಂಡಳು. "ಏ, ಬ್ಯಾಡಪ್ಪ. ಇವತ್ತ ಮಂಗಳಾರ. ಮಂಗಳಾರ ಉಗುರು ತಗೀಬಾರ್ದು."

"ಇವತ್ತ ಬುಧವಾರ ಅತ್ತಿ" ಅಂದಳು ಅಮರೇಶನ ಹೆಂಡತಿ, ಬಾಗಿಲಲ್ಲಿ ನಿಂತು.

"ಇದ್ರ ಇರ್ಲಿ. ಮಕ್ಕಳ ಕೈಯಾಗ ಕಾಲು ಕೊಡ್ತಾರೇನು? ಬ್ಯಾಡ."

ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ದನಿ ತಗ್ಗಿಸಿ, "ನಿನ್ನ ಹಂಡ್ಯಾ ಉಳೀಬೇಕಂದ್ರ ಕೊಡವ್ವ" ಅಂದೆ.

ಅವಳು ನಾಯಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ನನಗೆ ಗೊತ್ತಿದೆ ಅನ್ನುವುದು ಅವಳಿಗೆ ಗೊತ್ತಾಯಿತು. ಸೀರೆಯ ಅಂಚು ಬಿಟ್ಟು ನಿಧಾನವಾಗಿ ಬಲಗಾಲು ಮುಂದೆ ಮಾಡಿದಳು.

ಹೆಬ್ಬೆರಳಿನ ಉಗುರು ಹಳದಿಗಟ್ಟಿ, ದಪ್ಪವಾಗಿ, ಪಕ್ಕದ ಬೆರಳಿನ ಮೇಲೆ ಬಾಗಿ ಒತ್ತಿಕೊಂಡಿತ್ತು. ಒತ್ತಿದ ಕಡೆ ಚರ್ಮ ಕೆಂಪಗೆ ಹಸಿಯಾಗಿತ್ತು. ಕಿರುಬೆರಳಿನದು ಕೆಳಕ್ಕೆ ಸುತ್ತಿಕೊಂಡಿತ್ತು. ಹನುಮಂತ ನಾನು ಕೊಟ್ಟ ಕತ್ತರಿ ಹಿಡಿದು ಹಾಗೇ ನಿಂತುಬಿಟ್ಟ.

"ಅವ್ವಾ..." ಅಂದ. "ಇಷ್ಟ ಆಗೋತನಕ ಒಂದ ಮಾತು ಹೇಳಬಾರದೇನ ಬೇ?"

"ಯಾರಿಗೆ ಹೇಳ್ಲಪ್ಪ?" ಹುಲಿಗೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಬಗ್ಗಾಕ ನನಗ ಆಗವಲ್ದು. ನಿಮ್ಮಪ್ಪ ಇದ್ದಾಗ ಅವನ ತಗೀತಿದ್ದ. ನೀವು ಯಾರೂ ಏನೂ ಕಡಿಮಿ ಮಾಡಿಲ್ಲ. ಹೊತ್ತಹೊತ್ತಿಗೆ ಉಣಿಸ್ತೀರಿ, ಉಡಿಸ್ತೀರಿ. ಆದ್ರ ಒಂದ ತಿಂಗಳು ಇದ್ದು ಹೋಗಾಕಿ ನಾನು. ಪಾಳಿ ಮನ್ಯಾಗ ರೊಟ್ಟಿ ಕೇಳಬಹುದು. ಉಗುರು ತಗಿ ಅಂತ ಹೆಂಗ ಕೇಳ್ಲಿ?"

ಅಮರೇಶ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಂಡತಿ ಒಳಗೆ ಓಡಿದಳು. ಹೋದವಳು ಅಳಲು ಹೋದಳು ಅಂದುಕೊಂಡೆ, ಬಿಸಿನೀರಿನ ಬೋಗುಣಿ ಹಿಡಿದು ಬಂದಳು, ಉಪ್ಪು ಹಾಕಿಕೊಂಡೇ. ಹನುಮಂತ ನೆಲಕ್ಕೆ ಕೂತು ತಾಯಿಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗೆ ಇಟ್ಟ. ಮಗುವನ್ನು ನೀರಿಗಿಳಿಸುವವರ ಹಾಗೆ ಇಟ್ಟ. ನೆಂದ ಮೇಲೆ ನಾನು ಕತ್ತರಿ ಹಿಡಿಯುವುದು ತೋರಿಸಿದೆ. ಅವನು ಹೆಬ್ಬೆರಳಿಗೆ ಕತ್ತರಿ ಇಟ್ಟ.

"ಆಸ್ತೆ" ಅಂದೆ. "ಇನ್ನಾ ಆಸ್ತೆ. ಹಾಂ, ಅಲ್ಲಿ ನಿಲ್ಲು."

ಅಂದಾಗ ಖಾದರ್ ಸಾಹೇಬರ ದನಿಯೇ ನನ್ನ ಬಾಯಿಂದ ಬಂದಂತಾಯಿತು. ನನ್ನ ಕಣ್ಣು ತುಂಬಿ ಬಂತು. ಅಳು ಬಂದರೆ ಅಳಬೇಕು, ಮುಚ್ಚಿಡುವುದು ಏಕೆ? ಕೈ ತೊಳೆಯುವ ನೆಪ ಮಾಡಿ ಬಚ್ಚಲ ಕಡೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಅಷ್ಟರಲ್ಲಿ ವೀರೇಶ ಹಗ್ಗ ಬಿಚ್ಚಿದ್ದ. ಹಂಡ್ಯಾನಿಗೆ ಹಗ್ಗ ಇಲ್ಲದ್ದು ಗೊತ್ತೇ ಆಗಲಿಲ್ಲ. ಮಲಗಿದಲ್ಲೇ ಮಲಗಿದ್ದ.

ಮಾರನೇ ದಿನ ಮೇಡಂಗೆ, "ಇನ್ನಷ್ಟು ದಿನ ನೋಡೋಣ" ಅಂದೆ. ಅವರು ನನ್ನ ಮುಖ ನೋಡಿ, "ಎದ್ದು ನಿಂತನಾ?" ಅಂತ ಕೇಳಿದರು. ಇಲ್ಲ ಅಂದೆ. "ಮತ್ತೆ ಯಾವ ನಂಬಿಕೆ ಮೇಲೆ ಹೇಳ್ತೀರಿ?" ಅಂದರು. ಹಗ್ಗ ಬಿಚ್ಚಿದ್ದಾರೆ ಅಂದೆ. ಅಷ್ಟಕ್ಕೇ ಅವರು ಒಪ್ಪಿದರು. ನಿಮಗೆ ಇಂಥ ಮೇಲಧಿಕಾರಿ ಸಿಕ್ಕರೆ ಪುಣ್ಯ ಅಂದುಕೊಳ್ಳಿ.

ಆಮೇಲೆ ಲಸಿಕೆಯ ಕೆಲಸ ಬಂದು ನಾನು ಬಳಗಾನೂರಿನ ಕಡೆ ಊರೂರು ತಿರುಗಿದೆ. ದಢೇಸುಗೂರಿಗೆ ಹೋಗಲು ಆಗಲಿಲ್ಲ. ಫೋನು ಬಂದರೆ ಸಾಕು, ಹನುಮಂತನದೇ ಇರಬಹುದು, ಮೇಡಂ ಬರಲಿ ಅನ್ನಬಹುದು ಅಂತ ಮೊದಲು ಹೆಸರು ನೋಡುತ್ತಿದ್ದೆ. ಅವನ ಫೋನು ಬರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ಕೆಲಸ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಬೇವಿನ ಗಿಡದ ಬುಡ ಖಾಲಿ ಇತ್ತು. ಹೊಟ್ಟು ಗುಡಿಸಿ ಹಾಕಿದ್ದರು, ಹಗ್ಗವೂ ಇರಲಿಲ್ಲ. ನಾನು ಅಲ್ಲೇ ನಿಂತೆ. ಅಷ್ಟರಲ್ಲಿ ಹಿಂದಿನಿಂದ, ಓಣಿಯ ಸಿಮೆಂಟು ರಸ್ತೆಯ ಮೇಲೆ ಟಿಕ್ ಟಿಕ್ ಅಂತ ಸದ್ದು ಕೇಳಿತು. ಉಗುರಿನ ಸದ್ದು. ನೌಕರಿಯಲ್ಲಿ ಅಷ್ಟು ಇಂಪಾದ ಸದ್ದು ನಾನು ಕೇಳಿದ್ದಿಲ್ಲ. ಹಂಡ್ಯಾ ಕುಂಟುತ್ತ, ಒಂದಿಷ್ಟು ಓರೆಯಾಗಿ, ನಡೆದುಕೊಂಡು ಬಂದ. ನನ್ನ ಚೀಲ ಮೂಸಿ ನೋಡಿ, ನನ್ನ ಗುರುತು ಹಿಡಿದು, ಅಷ್ಟೇನೂ ಸಂತೋಷಪಡದೆ ಮುಂದೆ ಹೋದ. ಉಗುರು ಕತ್ತರಿಸುವವನನ್ನು ಯಾವ ನಾಯಿ ಪ್ರೀತಿಸುತ್ತದೆ?

ಅವನು ಹೋದದ್ದು ಮೂರನೆಯ ಬಾಗಿಲಿಗೆ. ಅದು ವೀರೇಶನ ಪಾಳಿಯ ತಿಂಗಳು. ಕಟ್ಟೆಯ ಮೇಲೆ ಹುಲಿಗೆಮ್ಮ ಬೋಗುಣಿಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ಮುಂದೆ ನೆಲದ ಮೇಲೆ ಕೂತವನು ಹನುಮಂತ. ತನ್ನ ತಿಂಗಳಲ್ಲ, ತನ್ನ ಕಟ್ಟೆಯೂ ಅಲ್ಲ. ಒಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ, ನಾನು ಕೊಟ್ಟ ಕತ್ತರಿಯಲ್ಲಿ ಉಗುರು ತೆಗೆಯುತ್ತಿದ್ದ.

"ಏ, ಅಷ್ಟ ಅವಸರ ಮಾಡಬ್ಯಾಡಲೇ" ಅಂತ ಅವನನ್ನು ಗದರಿಸುತ್ತಿದ್ದಳು ಹುಲಿಗೆಮ್ಮ. "ಸ್ವಲ್ಪ ಸ್ವಲ್ಪ ತಗಿ. ಒಳಗ ಜೀವಾ ಐತಿ ಅಂತ ಡಾಕ್ಟ್ರು ಹೇಳಿಲ್ಲೇನು?"

ಹಂಡ್ಯಾ ಕಟ್ಟೆಯ ಬುಡಕ್ಕೆ ಹೋಗಿ ಅವಳ ಪಕ್ಕದಲ್ಲಿ ಮಲಗಿ, ಮುಂಗಾಲು ಚಾಚಿಕೊಂಡು ತನ್ನ ಪಾಳಿಗೆ ಕಾಯತೊಡಗಿದ.